ಸ್ಕ್ರೀನ್ ಒಂದು ಹೇಳುತ್ತದೆ, ಪ್ಲಾಂಟ್ ರೂಮ್ ಇನ್ನೊಂದು ಹೇಳುತ್ತದೆ

ನಿಮ್ಮ ಆಫೀಸ್ ಕಟ್ಟಡ ಭಾನುವಾರ ರಾತ್ರಿ 2 ಗಂಟೆಗೆ ಎಷ್ಟು ಕರೆಂಟ್ ತಗೊಳ್ಳುತ್ತದೆ?

(ಇದು ಒಂದು ಹಾಲ್‌ನಲ್ಲಿ ನಾನು ಆಡಿದ ಮಾತಿನ ಬರಹ. ಪ್ಲಾಂಟ್ ರೂಮ್ ಅಂದರೆ ಕಟ್ಟಡದ ಎಸಿ, ಪಂಪ್ ಯಂತ್ರಗಳಿರುವ ಕೋಣೆ.) ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಫೆಸಿಲಿಟಿ, ಅಂದರೆ ಕಟ್ಟಡ ನೋಡಿಕೊಳ್ಳುವ ಕೆಲಸದವರು, ಕೆಲವರು ಅಡ್ಮಿನ್‌ನವರು, ಹಿಂದಿನ ಸಾಲಿನಲ್ಲಿರುವ ಹುಡುಗರು ಹುಡುಗಿಯರು ಐಟಿಐ, ಡಿಪ್ಲೊಮಾ ಓದುತ್ತಿರುವವರು. ತಿಂಗಳ ಬಿಲ್ ಎಷ್ಟು ಬರುತ್ತದೆ ಅಂತ ಕೇಳಿದಾಗ ತುಂಬಾ ಕೈ ಎದ್ದವು. ರಾತ್ರಿ 2 ಗಂಟೆಯ ಲೆಕ್ಕಕ್ಕೆ ಎರಡೇ ಕೈ. ನಾನು ಈ ಕೆಲಸಕ್ಕೆ ಸೇರಿದಾಗ ನನಗೂ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಹೊತ್ತಲ್ಲಿ ಒಳಗೆ ಸೆಕ್ಯುರಿಟಿಯವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಸರ್ವರ್ ರೂಮ್, ಯುಪಿಎಸ್, ಕಾರಿಡಾರ್‌ನ ಒಂದಷ್ಟು ಲೈಟು, ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಬ್ಲೋವರ್, ಇಷ್ಟು ಓಡಿದರೆ ಸಾಕು. ಆದರೆ ನಾನು ಕೆಲಸ ಮಾಡಿದ ಕಟ್ಟಡಗಳಲ್ಲಿ ಇಷ್ಟಕ್ಕೇ ನಿಂತದ್ದು ಕಡಿಮೆ. ಯಾವುದೋ ಮಹಡಿಗೆ ತಂಪು ಗಾಳಿ ಊದುವ ಎಎಚ್‌ಯು ಯಂತ್ರ ಓಡುತ್ತಿರುತ್ತದೆ. ಬೇಸ್‌ಮೆಂಟಿನ ಎಕ್ಸಾಸ್ಟ್ ಫ್ಯಾನ್ ಖಾಲಿ ಪಾರ್ಕಿಂಗ್‌ನ ಗಾಳಿಯನ್ನು ಹೊರಗೆ ತಳ್ಳುತ್ತಿರುತ್ತದೆ. 15 ಕಿಲೋವ್ಯಾಟ್‌ನ ಒಂದು ಮೋಟಾರು ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಪೂರ್ತಿ ಲೋಡ್‌ನಲ್ಲಿ ಸುಮ್ನೆ ಓಡಿದರೆ 180 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ ಒಂದು ರಾತ್ರಿಗೆ 1,440 ರೂಪಾಯಿ. ಒಂದೇ ಮೋಟಾರು, ತಿಂಗಳಿಗೆ 43,000 ದಾಟುತ್ತದೆ.

ಇದಕ್ಕೆ ಕಾರಣ ಹುಡುಕಿಕೊಂಡು ಹೋದರೆ ಸಿಗುವುದು ಒಂದು ಸಣ್ಣ ತಿರುಗಣಿ. ಪ್ಯಾನೆಲ್ ಮುಂದೆ ಇರುತ್ತದಲ್ಲ, ಆಟೋ–ಮ್ಯಾನುಯಲ್ ಸೆಲೆಕ್ಟರ್ ಸ್ವಿಚ್. ಯಾವತ್ತೋ ಒಂದು ದಿನ ಮೋಟಾರು ಟ್ರಿಪ್ ಆಗಿರುತ್ತದೆ, ಮಹಡಿಯಿಂದ ಸೆಖೆ ಅಂತ ಫೋನ್ ಮೇಲೆ ಫೋನ್ ಬಂದಿರುತ್ತದೆ, ಶಿಫ್ಟ್‌ನಲ್ಲಿದ್ದ ಹುಡುಗ ಓಡಿ ಹೋಗಿ ಮ್ಯಾನುಯಲ್‌ಗೆ ತಿರುಗಿಸಿ ಚಾಲೂ ಮಾಡಿರುತ್ತಾನೆ. ಅವನು ಮಾಡಿದ್ದು ಸರಿಯೇ. ಆಮೇಲೆ ವಾಪಸ್ ಆಟೋಗೆ ತಿರುಗಿಸುವುದು ಹ್ಯಾಂಡೋವರ್ ಪುಸ್ತಕದಲ್ಲಿ ಬರಲಿಲ್ಲ, ಅಷ್ಟೇ. ಅಲ್ಲಿಂದ ಆ ಮೋಟಾರಿಗೂ ಲಕ್ಷಾಂತರ ರೂಪಾಯಿ ಕೊಟ್ಟು ಹಾಕಿಸಿದ, ಕಟ್ಟಡದ ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ಬಿಎಂಎಸ್‌ಗೂ ಸಂಬಂಧವೇ ಇರುವುದಿಲ್ಲ. ಕಂಪ್ಯೂಟರು ಆಫ್ ಅಂತ ಆಜ್ಞೆ ಕೊಡುತ್ತದೆ, ಮೋಟಾರಿಗೆ ಅದು ಕೇಳಿಸುವುದಿಲ್ಲ.

ಔಟರ್ ರಿಂಗ್ ರೋಡ್ ಕಡೆಯ ಒಂದು ಕಟ್ಟಡದಲ್ಲಿ ನನಗೆ ಇದಕ್ಕಿಂತ ದೊಡ್ಡ ಪಾಠ ಆಯಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹೊರಗೆ 16, 17 ಡಿಗ್ರಿ. ನೀವು ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುತ್ತೀರಿ. ಅದೇ ಹೊತ್ತಿಗೆ ಆಫೀಸ್ ಕಟ್ಟಡದಲ್ಲಿ ಎಸಿಗೆ ನೀರು ತಣ್ಣಗೆ ಮಾಡುವ ಚಿಲ್ಲರ್ ಶುರುವಾಗಿರುತ್ತದೆ. ಕೂತು ಕೆಲಸ ಮಾಡುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬರುತ್ತದೆ, ಜೊತೆಗೆ ಕಂಪ್ಯೂಟರು, ಲೈಟು, ಗಾಜಿನ ಗೋಡೆಯಿಂದ ಬರುವ ಬಿಸಿಲು. ಹಾಗಾಗಿ ಚಳಿಗಾಲದಲ್ಲೂ ಒಳಗೆ ತಂಪು ಬೇಕು. ಆ ತಂಪು ಹೊರಗೇ ಇದೆ, ಪುಕ್ಕಟೆ! ಹೊರಗಿನ ಗಾಳಿಯ ಡ್ಯಾಂಪರ್, ಅಂದರೆ ಗಾಳಿ ಬರುವ ದಾರಿಯ ಬಾಗಿಲು, ಪೂರ್ತಿ ತೆರೆದು, ಒಳಗಿನ ಬೆಚ್ಚಗಿನ ಗಾಳಿಯನ್ನು ಹೊರಗೆ ಬಿಟ್ಟರೆ ಕಂಪ್ರೆಸರ್ ಓಡಿಸುವುದೇ ಬೇಡ, ಫ್ಯಾನ್ ಸಾಕು. ಇದಕ್ಕೆ ಫ್ರೀ ಕೂಲಿಂಗ್ ಅನ್ನುತ್ತಾರೆ. ದೆಹಲಿಯ ಬೇಸಿಗೆಯಲ್ಲಾಗಲಿ, ಚೆನ್ನೈನಲ್ಲಿ ವರ್ಷದ ಬಹುಪಾಲಾಗಲಿ ಇದು ಆಗದ ಮಾತು. ನಮ್ಮ ಊರಿಗೆ ಸಿಕ್ಕ ವರ ಇದು.

ನಮ್ಮ ಕಟ್ಟಡದಲ್ಲೂ ಈ ವ್ಯವಸ್ಥೆ ಇತ್ತು. ಹೊರಗೆ ಒಂದು ಸೆನ್ಸರ್, ಒಳಗೆ ಒಂದು ಸೆನ್ಸರ್, ಹೊರಗೆ ತಂಪಿದ್ದರೆ ಡ್ಯಾಂಪರ್ ತಾನೇ ತೆರೆದುಕೊಳ್ಳಬೇಕು. ಸ್ಕ್ರೀನ್ ಮೇಲೆ ನೋಡಿದರೆ ಬೆಳಗ್ಗೆ 8 ಗಂಟೆಗೆ "ಫ್ರೆಶ್ ಏರ್ ಡ್ಯಾಂಪರ್ 100%" ಅಂತ ಹಸಿರು ಬಣ್ಣದಲ್ಲಿ ಬರುತ್ತಿತ್ತು. ಆದರೂ ಚಿಲ್ಲರ್ ಲೋಡ್ ಇಳಿಯುತ್ತಿರಲಿಲ್ಲ. ಎರಡು ವಾರ ನಾನು ಸಾಫ್ಟ್‌ವೇರ್‌ನಲ್ಲೇ ತಪ್ಪು ಹುಡುಕಿದೆ. ವೆಂಡರ್‌ನವರನ್ನು ಕರೆಸಿದೆ. ಅವರು ಲ್ಯಾಪ್‌ಟಾಪ್ ಹಾಕಿ ನೋಡಿ, ಎಲ್ಲಾ ಸರಿ ಇದೆ ಸರ್ ಅಂದರು.

ಕೊನೆಗೆ ಒಂದು ದಿನ ಐದನೇ ಮಹಡಿಯ ಎಎಚ್‌ಯು ರೂಮ್‌ಗೆ ಹೋದೆ. ಟಾರ್ಚ್ ಬಿಟ್ಟು ನೋಡಿದರೆ ಡ್ಯಾಂಪರ್ ಮುಚ್ಚಿದ ಹಾಗೇ ಇರಲಿ ಅಂತ ಅದರ ಲಿವರ್ ಅನ್ನು ಬೈಂಡಿಂಗ್ ವೈರ್‌ನಿಂದ ಬಿಗಿದು ಕಟ್ಟಿತ್ತು. ಕಂಬಿ ಕಟ್ಟುವ ಆ ತೆಳು ತಂತಿಯನ್ನು ನಾಲ್ಕು ಸುತ್ತು ಸುತ್ತಿ, ಕಟಿಂಗ್ ಪ್ಲೇಯರ್‌ನಲ್ಲಿ ತಿರುಚಿ, ಮೊನೆಯನ್ನು ಯಾರಿಗೂ ಚುಚ್ಚದ ಹಾಗೆ ಒಳಗೆ ಮಡಚಿದ್ದರು. ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ಡ್ಯಾಂಪರ್ ತಿರುಗಿಸುವ ಸಣ್ಣ ಮೋಟಾರು, ಆಕ್ಚುಯೇಟರ್, ತಿರುಗುತ್ತಿತ್ತು, ಆದರೆ ಅದಕ್ಕೂ ಲಿವರ್‌ಗೂ ನಡುವಿನ ಕೊಂಡಿ ಬಿಚ್ಚಿಟ್ಟಿದ್ದರು.

ಜೊತೆಗಿದ್ದ ಟೆಕ್ನಿಷಿಯನ್‌ನನ್ನು ಕೇಳಿದೆ, "ಇದು ಯಾವಾಗಿಂದ ಹೀಗಿದೆ?"

"ಎರಡು ವರ್ಷ ಆಯ್ತು ಸರ್. ಮಳೆ ಬಂದಾಗ ಗಾಳಿ ಜೊತೆ ನೀರು ಒಳಗೆ ಬರ್ತಿತ್ತು, ಫಿಲ್ಟರ್ ನೆನೀತಿತ್ತು. ಮಳೆ ತಡೆಯೋ ಹೊರಗಿನ ಲೂವರ್ ಪಟ್ಟಿ ಸರಿ ಮಾಡ್ಸಿ ಅಂತ ಬರೆದುಕೊಟ್ಟಿದ್ವಿ. ಬರ್ಲಿಲ್ಲ. ಅದಕ್ಕೇ ಕಟ್ಟಿದ್ವಿ."

"ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ ಸರ್."

ನೋಡಿ, ಆ ಹುಡುಗ ಮಾಡಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನೀರು ನಿಲ್ಲಿಸುವುದು ಅವನ ಕೆಲಸ, ನಿಲ್ಲಿಸಿದ. ಹಾಗಾದರೆ ಸ್ಕ್ರೀನ್ ಮೇಲೆ 100% ಅಂತ ಏಕೆ ಬರುತ್ತಿತ್ತು? ಅದು ಕಂಪ್ಯೂಟರು ಕೊಟ್ಟ ಆಜ್ಞೆ. ಡ್ಯಾಂಪರ್ ನಿಜವಾಗಿ ಎಲ್ಲಿದೆ ಅಂತ ತಿಳಿಸುವ ಫೀಡ್‌ಬ್ಯಾಕ್ ಅಲ್ಲಿ ಹಾಕಿಸಿಯೇ ಇರಲಿಲ್ಲ, ದುಡ್ಡು ಉಳಿಸಲು ಬಿಟ್ಟಿದ್ದರು. ಇದನ್ನು ದಯವಿಟ್ಟು ನೆನಪಿಡಿ. ನಿಮ್ಮ ಸ್ಕ್ರೀನ್ ಮೇಲಿನ ಪ್ರತಿ ಸಂಖ್ಯೆಗೂ ಒಂದು ಪ್ರಶ್ನೆ ಕೇಳಬೇಕು: ಇದು ನಾವು ಹೇಳಿದ್ದಾ, ಅಥವಾ ಅಲ್ಲಿ ಆಗಿದ್ದಾ? ಲೂವರ್ ರಿಪೇರಿ ಮಾಡಿಸಿ, ತಂತಿ ಬಿಚ್ಚಿಸಿ, ಕೊಂಡಿ ಹಾಕಿಸಿದ ಮೇಲೆ ಚಳಿಗಾಲದ ಬೆಳಗ್ಗೆ ಚಿಲ್ಲರ್ ಶುರುವಾಗುವ ಹೊತ್ತು ಮುಂದಕ್ಕೆ ಹೋಯಿತು. ಹೊಸ ಮಷೀನು ಒಂದೂ ಕೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಹಳೆಯ ಕತೆ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವೈಟ್‌ವಾಟರ್ ಅಂತ ಒಂದು ಊರು. ಅಲ್ಲಿನ ಕಾಲೇಜಿನಲ್ಲಿ ವಾರನ್ ಜಾನ್ಸನ್ ಅಂತ ಒಬ್ಬ ಮೇಷ್ಟ್ರು ಇದ್ದರು. ಚಳಿ ದೇಶ, ಕೆಳಗೆ ಬಾಯ್ಲರು. ಯಾವ ಕ್ಲಾಸ್‌ನಲ್ಲಿ ಎಷ್ಟು ಬೆಚ್ಚಗಿದೆ ಅಂತ ನೋಡಲು ಜವಾನ ಒಂದೊಂದೇ ಕೋಣೆಗೆ ಬರಬೇಕು, ಪಾಠದ ಮಧ್ಯೆ ಬಾಗಿಲು ತೆಗೆಯಬೇಕು, ಥರ್ಮಾಮೀಟರ್ ನೋಡಬೇಕು, ಮತ್ತೆ ಕೆಳಗಿಳಿದು ಡ್ಯಾಂಪರ್ ತಿರುಗಿಸಬೇಕು. ಈ ಓಡಾಟ ನೋಡಿ ಜಾನ್ಸನ್ ಕೋಣೆಯ ಗೋಡೆಗೆ ಹಾಕುವ ಎಲೆಕ್ಟ್ರಿಕ್ ಥರ್ಮೋಸ್ಟಾಟ್ ಮಾಡಿದರು. ಬಿಸಿ ತಣ್ಣನೆ ಆದಾಗ ಕೆಳಗೆ ಗಂಟೆ ಬಾರಿಸುವ ಸಾಧನ. 1883ರಲ್ಲಿ ಪೇಟೆಂಟ್ ಸಿಕ್ಕಿತು, 1885ರಲ್ಲಿ ಮಿಲ್ವಾಕಿಯಲ್ಲಿ ಕಂಪನಿ ಶುರುವಾಯಿತು. ಇವತ್ತು ನಮ್ಮ ಎಷ್ಟೋ ಕಟ್ಟಡಗಳಲ್ಲಿರುವ ಜಾನ್ಸನ್ ಕಂಟ್ರೋಲ್ಸ್ ಅದೇ. ನನಗೆ ಈ ಕತೆ ಇಷ್ಟ, ಏಕೆಂದರೆ ನಮ್ಮ ಈ ಇಡೀ ತಂತ್ರಜ್ಞಾನ ಒಬ್ಬ ಜವಾನನ ಕಾಲಿನ ಶ್ರಮ ಕಡಿಮೆ ಮಾಡಲು ಹುಟ್ಟಿದ್ದು. ಜಾನ್ಸನ್ ಅವರ ಆ ಮೊದಲ ಥರ್ಮೋಸ್ಟಾಟ್ ಕೂಡ ತಾನೇ ಏನೂ ತಿರುಗಿಸಲಿಲ್ಲ, ಕೆಳಗಿದ್ದ ಮನುಷ್ಯನಿಗೆ ಸುದ್ದಿ ಕೊಟ್ಟಿತು.

ಥರ್ಮೋಸ್ಟಾಟ್ ಎಲ್ಲಿ ಹಾಕಿದ್ದಾರೆ ಅನ್ನುವುದನ್ನೂ ಹೋಗಿ ನೋಡಿ. ಪ್ಯಾಂಟ್ರಿಯ ಕಾಫಿ ಮಷೀನ್ ಹಿಂದಿನ ಗೋಡೆಯಲ್ಲಿ, ಪ್ರಿಂಟರ್ ಮೇಲೆ, ಪಶ್ಚಿಮದ ಬಿಸಿಲು ನೇರ ಬೀಳುವ ಕಂಬದಲ್ಲಿ, ಎಲ್ಲ ಕಡೆ ನೋಡಿದ್ದೇನೆ. ಅದಕ್ಕೆ ಸದಾ ಬಿಸಿ ಅನ್ನಿಸುತ್ತದೆ, ತಂಪು ಸುರಿಯುತ್ತದೆ, ಪಕ್ಕದಲ್ಲಿ ಕೂತವರು ಶಾಲು ಹೊದ್ದು ಕೂರುತ್ತಾರೆ. ಈ ಹಾಲ್‌ನಲ್ಲೂ ಎಡಗಡೆ ಕೂತಿರುವ ಇಬ್ಬರು ಸೆರಗು ಹೊದ್ದಿದ್ದಾರೆ, ಬಂದಾಗಿಂದ ಗಮನಿಸುತ್ತಿದ್ದೇನೆ. ಸೆಟ್ಟಿಂಗ್ ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು 24 ಡಿಗ್ರಿಯ ಡಿಫಾಲ್ಟ್‌ನಲ್ಲೇ ಬರಬೇಕು ಅಂತ ನಿಯಮವೂ ಇದೆ. ಸೆಂಟ್ರಲ್ ಎಸಿ ಇರುವ ಆಫೀಸ್‌ಗಳಲ್ಲಿ ಇನ್ನೂ 21, 22 ಇಟ್ಟು ಜನರನ್ನು ನಡುಗಿಸುವುದು ಯಾಕೋ ನನಗೆ ಅರ್ಥವಾಗುವುದಿಲ್ಲ.

ಇನ್ನು ವಿಎಫ್‌ಡಿ, ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಸಾಧನ. ಇದರ ಬಗ್ಗೆ ಒಂದೇ ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಫ್ಯಾನಿನ ವೇಗ ಕಡಿಮೆ ಮಾಡಿದರೆ ಅದು ತಗೊಳ್ಳುವ ಶಕ್ತಿ ಘನದ ಲೆಕ್ಕದಲ್ಲಿ ಇಳಿಯುತ್ತದೆ. ವೇಗ 80%ಗೆ ಇಳಿಸಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧ, ವೇಗ ಅರ್ಧ ಮಾಡಿದರೆ ಶಕ್ತಿ ಎಂಟನೇ ಒಂದು ಭಾಗ. ಎಷ್ಟೋ ಕಡೆ ವಿಎಫ್‌ಡಿ ಹಾಕಿಸಿ 50 ಹರ್ಟ್ಸ್‌ಗೆ, ಅಂದರೆ ಪೂರ್ತಿ ವೇಗಕ್ಕೆ, ಲಾಕ್ ಮಾಡಿ ಇಟ್ಟಿರುತ್ತಾರೆ. ನಾಳೆ ಹೋಗಿ ಡಿಸ್‌ಪ್ಲೇ ನೋಡಿ. ದಿನವಿಡೀ 50 ತೋರಿಸುತ್ತಿದ್ದರೆ ನೀವು ದುಡ್ಡು ಕೊಟ್ಟಿದ್ದಕ್ಕೆ ಪ್ರಯೋಜನ ಸಿಗುತ್ತಿಲ್ಲ.

ಅಳತೆಯ ಮಾತು ಬಂತು, ಒಂದು ಒಳ್ಳೆಯ ಉದಾಹರಣೆ ಹೇಳಲೇಬೇಕು. ನಮ್ಮ ಬೆಂಗಳೂರಿನ ಇನ್ಫೋಸಿಸ್‌ನವರು ಹೈದರಾಬಾದ್ ಕ್ಯಾಂಪಸ್‌ನಲ್ಲಿ 2011ರಲ್ಲಿ ಒಂದು ಕಟ್ಟಡ ಶುರು ಮಾಡಿದರು. ಎಡ ಬಲ ಒಂದೇ ಥರದ ಎರಡು ಭಾಗ. ಒಂದು ಭಾಗಕ್ಕೆ ಎಲ್ಲ ಕಡೆ ಇರುವಂಥ, ತಣ್ಣನೆಯ ಗಾಳಿ ಊದುವ ಎಸಿ. ಇನ್ನೊಂದು ಭಾಗಕ್ಕೆ ಕಾಂಕ್ರೀಟ್ ಸ್ಲ್ಯಾಬ್ ಒಳಗೆ ಪೈಪು ಹೂತು, ಅದರಲ್ಲಿ ತಣ್ಣೀರು ಹರಿಸಿ, ಸ್ಲ್ಯಾಬ್ ಅನ್ನೇ ತಂಪು ಮಾಡುವ ವ್ಯವಸ್ಥೆ. ರೇಡಿಯಂಟ್ ಕೂಲಿಂಗ್ ಅನ್ನುತ್ತಾರೆ. ಗಾಳಿ ಊದುವ ಭಾಗವನ್ನೂ ಕಳಪೆಯಾಗಿ ಮಾಡಿರಲಿಲ್ಲ, ಅದೂ ಒಳ್ಳೆಯ ವ್ಯವಸ್ಥೆಯೇ. ಎರಡಕ್ಕೂ ಬೇರೆ ಬೇರೆ ಮೀಟರ್. ಎರಡು ವರ್ಷ ಅಳೆದು ನೋಡಿದಾಗ ರೇಡಿಯಂಟ್ ಭಾಗ 34% ಕಡಿಮೆ ಶಕ್ತಿ ತಗೊಂಡಿತ್ತು. ಯಾಕೆ ಅಂದರೆ, ಅಷ್ಟೇ ಜಾಗದ ಗಾಳಿಗಿಂತ ನೀರು 3,000 ಪಟ್ಟಿಗೂ ಜಾಸ್ತಿ ಶಾಖ ಹೊರುತ್ತದೆ. ಅದನ್ನು ಸಾಗಿಸಲು ದೊಡ್ಡ ದೊಡ್ಡ ಫ್ಯಾನ್ ಬೇಡ, ಸಣ್ಣ ಪಂಪ್ ಸಾಕು. ಜೊತೆಗೆ ನೀರು ಅಷ್ಟೊಂದು ತಣ್ಣಗಿರುವುದೂ ಬೇಕಿಲ್ಲ.

ನಿಮ್ಮ ಕಟ್ಟಡದ ಸ್ಲ್ಯಾಬ್ ಒಡೆದು ಪೈಪ್ ಹಾಕಿ ಅಂತ ಇದನ್ನು ಹೇಳುತ್ತಿಲ್ಲ. ಅವರು ಎರಡೂ ಭಾಗಕ್ಕೆ ಮೀಟರ್ ಇಟ್ಟರು. ನಮ್ಮ ದೇಶದಲ್ಲಿ, ನಮ್ಮ ಬಿಸಿಲಲ್ಲಿ, ಒಂದೇ ಸೂರಿನ ಕೆಳಗೆ ಅಳೆದರು. ಆಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ಮೂವತ್ತು ಸೆನ್ಸರ್ ಕೊಳ್ಳುವ ದುಡ್ಡಿದ್ದರೆ ಮೊದಲು ಚಿಲ್ಲರ್‌ಗೆ, ಪಂಪ್‌ಗಳಿಗೆ, ಪ್ರತಿ ಮಹಡಿಯ ಎಎಚ್‌ಯುಗೆ, ಲೈಟಿಂಗ್‌ಗೆ ಬೇರೆ ಬೇರೆ ಸಬ್‌ಮೀಟರ್ ಹಾಕಿಸಿ.

ಈಗ ಲಾಗ್ ಶೀಟ್ ವಿಷಯ. ಚಿಲ್ಲರ್ ರೂಮ್‌ನಲ್ಲಿ ಪ್ಯಾಡ್‌ಗೆ ಸಿಕ್ಕಿಸಿದ ಹಾಳೆ ಇರುತ್ತದೆ, ಎರಡು ಗಂಟೆಗೊಮ್ಮೆ ರೀಡಿಂಗ್ ಬರೆಯಬೇಕು. ನಾನು ಆಪರೇಟರ್ ಆಗಿದ್ದಾಗ ಬರೆದಿದ್ದೇನೆ. ಮ್ಯಾನೇಜರ್ ಆದ ಮೇಲೆ ಒಮ್ಮೆ ಮೂರು ತಿಂಗಳ ಹಾಳೆಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತೆ. ಹಗಲು ರಾತ್ರಿ, ಮಳೆ ಬಿಸಿಲು, ತಣ್ಣೀರಿನ ತಾಪಮಾನ 7.2, 7.2, 7.2. ಒಂದೇ ಪೆನ್ನು, ಒಂದೇ ಒತ್ತು. ಶಿಫ್ಟ್ ಮುಗಿಯುವಾಗ ಕೂತು ಒಟ್ಟಿಗೆ ತುಂಬಿದ್ದು ಅಂತ ಕಾಣುತ್ತಿತ್ತು. ಬೈಯಬೇಕು ಅನ್ನಿಸಿತು. ಆಮೇಲೆ ಯೋಚಿಸಿದೆ, ಮೂರು ತಿಂಗಳಲ್ಲಿ ಈ ಹಾಳೆಗಳನ್ನು ಯಾರಾದರೂ ಓದಿದ್ದಾರಾ? ಪ್ರತಿ ಹಾಳೆಯ ಕೆಳಗೆ ಸೂಪರ್‌ವೈಸರ್ ಸಹಿ ಇತ್ತು, ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಓದದ ಹಾಳೆಗೆ ನಿಜ ಬರೆಯಿರಿ ಅಂತ ಹೇಗೆ ಕೇಳುವುದು?

ನಾವು ಹಾಳೆ ತೆಗೆದೆವು. ರೀಡಿಂಗ್ ಸೆನ್ಸರ್‌ನಿಂದಲೇ ದಾಖಲಾಗುವ ಹಾಗೆ ಮಾಡಿದೆವು. ಆಪರೇಟರ್‌ಗೆ ಬೇರೆ ಕೆಲಸ ಕೊಟ್ಟೆವು: ದಿನಕ್ಕೆ ಒಂದೇ ಸಂಖ್ಯೆ ನೋಡಿ, ಅದು ಯಾಕೆ ಬದಲಾಯಿತು ಅಂತ ಒಂದು ಸಾಲು ಬರೆಯಿರಿ. ಆ ಸಂಖ್ಯೆ ಕಂಡೆನ್ಸರ್ ಅಪ್ರೋಚ್. ಓದುವ ಮಕ್ಕಳಿಗಾಗಿ ಬಿಡಿಸಿ ಹೇಳುತ್ತೇನೆ. ಚಿಲ್ಲರ್‌ನ ಕಂಡೆನ್ಸರ್‌ನಲ್ಲಿ ಬಿಸಿ ಗ್ಯಾಸ್ ತನ್ನ ಶಾಖವನ್ನು ನೀರಿಗೆ ಕೊಡುತ್ತದೆ. ಗ್ಯಾಸ್ ದ್ರವವಾಗುವ ತಾಪಮಾನಕ್ಕೂ ಹೊರಗೆ ಹೋಗುವ ನೀರಿನ ತಾಪಮಾನಕ್ಕೂ ಇರುವ ಅಂತರವೇ ಅಪ್ರೋಚ್. ಕೊಳವೆಗಳು ಶುಭ್ರವಾಗಿದ್ದರೆ ಅಂತರ ಒಂದೆರಡು ಡಿಗ್ರಿ. ಬೆಂಗಳೂರಿನಲ್ಲಿ ಟ್ಯಾಂಕರ್ ನೀರು, ಬೋರ್ ನೀರು, ಎಲ್ಲ ಗಡಸು. ನಿಮ್ಮ ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಕೊಳವೆಗಳ ಒಳಗೂ ಕಟ್ಟುತ್ತದೆ. ಆಗ ಅಂತರ ಮೂರು, ನಾಲ್ಕು, ಐದು ಅಂತ ನಿಧಾನವಾಗಿ ಏರುತ್ತದೆ, ಕಂಪ್ರೆಸರ್ ಜಾಸ್ತಿ ದುಡಿಯುತ್ತದೆ. ಒಂದು ದಿನದ ರೀಡಿಂಗ್‌ನಲ್ಲಿ ಇದು ಕಾಣುವುದಿಲ್ಲ. ಆರು ವಾರದ ಗೆರೆ ಎಳೆದರೆ ಮಗುವಿಗೂ ಕಾಣುತ್ತದೆ. ಪ್ರಿಡಿಕ್ಟಿವ್ ಮೆಂಟೆನೆನ್ಸ್ (ಕೆಡುವ ಮೊದಲೇ ತಿಳಿದು ಸರಿಪಡಿಸುವುದು) ಅಂತ ದೊಡ್ಡ ಹೆಸರಲ್ಲಿ ಮಾರುವುದರಲ್ಲಿ ಒಂದು ಭಾಗ ಇದೇ. ನಮ್ಮ ಆಪರೇಟರ್ ಎರಡನೇ ತಿಂಗಳಲ್ಲೇ ಬಂದು, "ಸರ್, ಎರಡನೇ ಚಿಲ್ಲರ್ ಡೀಸ್ಕೇಲಿಂಗ್ ಹದಿನೈದು ದಿನ ಮುಂಚೆ ಮಾಡಿಸೋಣ, ನಂಬರ್ ಏರ್ತಾ ಇದೆ" ಅಂದ. ಅದೇ 7.2 ಬರೆಯುತ್ತಿದ್ದ ಹುಡುಗ!

ನೀರಿನ ಮಾತಿಗೆ ಬಂದರೆ, 2024ರ ಮಾರ್ಚ್ ಇಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ಬೋರ್‌ವೆಲ್ ಒಣಗಿದವು, ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಬೇಕಾಯಿತು, 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ. ಆಫೀಸು, ಮಾಲ್‌ಗಳ ನಲ್ಲಿಗೆ ಏರೇಟರ್ ಕಡ್ಡಾಯ ಅಂತ ಜಲಮಂಡಳಿ ಹೇಳಿತು. ನಲ್ಲಿಯ ಬಾಯಿಗೆ ಹಾಕಿ ನೀರಿನ ಹರಿವು ಕಡಿಮೆ ಮಾಡುವ, ಬೆರಳಷ್ಟು ಸಣ್ಣ ಜಾಲರಿ ಅದು. ಆ ಒಂದು ತಿಂಗಳಲ್ಲಿ ನಾವು ಕಲಿತಷ್ಟು ಹತ್ತು ವರ್ಷದಲ್ಲಿ ಕಲಿತಿರಲಿಲ್ಲ. ಆಗ ಪ್ರತಿ ಮಹಡಿಯ ನೀರಿನ ಲೈನ್‌ಗೆ ಮೀಟರ್ ಹಾಕಿಸಿದೆವು, ಮೊಬೈಲ್‌ಗೆ ರೀಡಿಂಗ್ ಕಳಿಸುವ ಮೀಟರ್. ಮೂರನೇ ಮಹಡಿಯಲ್ಲಿ ರಾತ್ರಿಯಿಡೀ ನಿಮಿಷಕ್ಕೆ ಎರಡು ಲೀಟರ್ ಹೋಗುತ್ತಿತ್ತು. ಒಂದು ಫ್ಲಶ್ ವಾಲ್ವ್‌ನ ವಾಷರ್ ಸವೆದಿತ್ತು. ಸದ್ದಿಲ್ಲ, ನೆಲದ ಮೇಲೆ ಹನಿಯಿಲ್ಲ. ಎರಡು ಲೀಟರ್ ಅಂದರೆ ದಿನಕ್ಕೆ 2,880 ಲೀಟರ್, ನಾಲ್ಕು ದಿನಕ್ಕೆ ಹತ್ತಿರ ಹತ್ತಿರ ಒಂದು ದೊಡ್ಡ ಟ್ಯಾಂಕರ್. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುವ ನೀರು. ಅದು ಸವೆದ ವಾಷರ್ ಸಂದಿಯಲ್ಲಿ ಹೋಗುತ್ತಿದೆ ಅಂದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಕಾವೇರಿ ಯೋಜನೆಯ ಐದನೇ ಹಂತ ಬಂದಿದೆ, ಇನ್ನು ಚಿಂತೆಯಿಲ್ಲ ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಕೋವಿಡ್ ಆದ ಮೇಲೆ ಇನ್ನೊಂದು ಬದಲಾವಣೆ ಬಂದಿದೆ. ಎಷ್ಟೋ ಆಫೀಸ್‌ಗಳಲ್ಲಿ ವಾರದ ಮಧ್ಯೆ ಜನ ತುಂಬಿರುತ್ತಾರೆ, ಶುಕ್ರವಾರ ಅರ್ಧ ಮಹಡಿ ಖಾಲಿ. ಆದರೆ ಎಸಿ, ಲೈಟು, ಕ್ಲೀನಿಂಗ್ ಎಲ್ಲ ದಿನವೂ ಒಂದೇ. ಗೇಟಿನಲ್ಲಿ ಕಾರ್ಡ್ ತೋರಿಸಿದಾಗ ಬರುವ ಲೆಕ್ಕವೊಂದನ್ನೇ ಬಳಸಿ ಯಾವ ಮಹಡಿ ತೆರೆಯಬೇಕು, ಯಾವುದು ಮುಚ್ಚಬೇಕು ಅಂತ ತೀರ್ಮಾನಿಸಬಹುದು. ಮೀಟಿಂಗ್ ರೂಮ್‌ಗಳಿಗೆ ಸಿಒ2, ಅಂದರೆ ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರ್ ಸಾಕು. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ಇರುತ್ತದೆ, ಹತ್ತು ಜನ ಬಾಗಿಲು ಹಾಕಿಕೊಂಡು ಕೂತರೆ 1,000 ದಾಟುತ್ತದೆ, ಆಗ ಹೊಸ ಗಾಳಿ ಜಾಸ್ತಿ ಕೊಡಬೇಕು. ಆದರೆ ಪ್ರತಿ ಟೇಬಲ್ ಕೆಳಗೆ ಸೆನ್ಸರ್ ಅಂಟಿಸಿ ಯಾರು ಎಷ್ಟು ಹೊತ್ತು ಎದ್ದು ಹೋದರು ಅಂತ ನೋಡುವುದಕ್ಕೆ ನನ್ನ ವಿರೋಧವಿದೆ. ಕಟ್ಟಡಕ್ಕೆ ಎಷ್ಟು ಜನ ಅಂತ ಗೊತ್ತಾದರೆ ಸಾಕು, ಯಾರು ಅಂತ ಬೇಕಿಲ್ಲ.

ಹೌಸ್‌ಕೀಪಿಂಗ್‌ನಲ್ಲೂ ಹೀಗೇ. ಒಂದು ಕಡೆ ಟಾಯ್ಲೆಟ್ ಬಾಗಿಲಿಗೆ ಎಣಿಕೆಯ ಸಾಧನ ಹಾಕಿದೆವು, ಇಷ್ಟು ಜನ ಬಳಸಿದ ಮೇಲೆ ಕ್ಲೀನಿಂಗ್‌ಗೆ ಮೆಸೇಜ್. ಅಲ್ಲಿನ ಅಕ್ಕ ನೇರವಾಗಿ ಕೇಳಿದರು, "ಇದು ಬಂದ್ಮೇಲೆ ನಮ್ಮಲ್ಲಿ ಎಷ್ಟು ಜನರನ್ನ ತೆಗೀತೀರಾ ಸಾರ್?" ಯಾರನ್ನೂ ತೆಗೆಯುವುದಿಲ್ಲ ಅಂತ ಮ್ಯಾನೇಜ್‌ಮೆಂಟ್‌ನಿಂದ ಬರೆಸಿಕೊಂಡು ಬಂದು, ಅದನ್ನು ಅವರಿಗೆ ಓದಿ ಹೇಳಿದ ಮೇಲೆಯೇ ಶುರು ಮಾಡಿದೆವು. ಖಾಲಿ ಮಹಡಿಗೆ ನಾಲ್ಕು ಸಲ ಬಕೆಟ್ ಹೊತ್ತು ಹೋಗುವುದು ತಪ್ಪಿತು, ಗಿಜಿಗುಡುವ ಮಹಡಿಗೆ ಇಬ್ಬರು ಸಿಕ್ಕರು. ನಾನು ಇದನ್ನು ಒತ್ತಿ ಹೇಳುವುದು ಯಾಕೆಂದರೆ, ಕೆಲಸ ಹೋಗುತ್ತದೆ ಅನ್ನುವ ಭಯ ಇದ್ದ ಕಡೆ ಯಾರೂ ನಿಮಗೆ ಬೈಂಡಿಂಗ್ ವೈರ್ ಎಲ್ಲಿದೆ ಅಂತ ತೋರಿಸುವುದಿಲ್ಲ.

ಆ ದಿನ ಮಾತಿನ ಕೊನೆಯಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದರು. ತಮ್ಮದು ಮೂರು ಮಹಡಿಯ ಸಣ್ಣ ಆಫೀಸು, ಬಿಎಂಎಸ್ ಇಲ್ಲ, ಸ್ಪ್ಲಿಟ್ ಎಸಿಗಳು, ಒಬ್ಬ ವಾಚ್‌ಮನ್, ಎಲ್ಲಿಂದ ಶುರು ಮಾಡಲಿ ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ವಾಚ್‌ಮನ್ ಅಣ್ಣನಿಗೆ ಹೇಳಿ, ಭಾನುವಾರ ರಾತ್ರಿ 10ಕ್ಕೆ ಮೀಟರ್‌ನ ಒಂದು ಫೋಟೋ ತೆಗೆಯಲಿ, ಸೋಮವಾರ ಬೆಳಗ್ಗೆ 6ಕ್ಕೆ ಇನ್ನೊಂದು. ಎರಡರ ವ್ಯತ್ಯಾಸವನ್ನು 8ರಿಂದ ಭಾಗಿಸಿ, ಮೀಟರ್‌ಗೆ ಮಲ್ಟಿಪ್ಲೈಯಿಂಗ್ ಫ್ಯಾಕ್ಟರ್ (ರೀಡಿಂಗ್ ಅನ್ನು ಗುಣಿಸಬೇಕಾದ ಸಂಖ್ಯೆ) ಇದ್ದರೆ ಅದರಿಂದ ಗುಣಿಸುವುದನ್ನು ಮರೆಯಬೇಡಿ. ಅದು ನಿಮ್ಮ ಖಾಲಿ ಕಟ್ಟಡ ಗಂಟೆಗೆ ತಿನ್ನುವ ಕರೆಂಟ್. ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ, ಸರ್ವರ್ ಮತ್ತು ಫೈರ್ ಅಲಾರಂ ಲೈನ್ ಬಿಟ್ಟು ಒಂದೊಂದೇ ಎಂಸಿಬಿ ಸ್ವಿಚ್ ಇಳಿಸುತ್ತಾ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್‌ನಲ್ಲಿ ನೋಡಿ. ಯಾವುದನ್ನು ಇಳಿಸಿದಾಗ ಸಂಖ್ಯೆ ಬೀಳುತ್ತದೋ ಆ ಲೈನ್ ಹಿಡಿದುಕೊಂಡು ನಡೆದು ಹೋಗಿ, ಅದರ ಕೊನೆಯಲ್ಲಿ ಏನು ಓಡುತ್ತಿದೆ ಅಂತ ನೋಡಿ. ಏನು ಸಿಕ್ಕಿತು ಅಂತ ನನಗೆ ಫೋನ್ ಮಾಡಿ.